ವಿಂಡೋಸ್ 7 ಲೋಗೋ ಬಂದ ತಕ್ಷಣ ನೀಲಿ ಸ್ಕ್ರೀನ್, ಆಮೇಲೆ ರೀಸ್ಟಾರ್ಟ್. ಹಾರ್ಡ್ ಡಿಸ್ಕ್ ನಿಜವಾಗ್ಲೂ ಹೋಗಿದ್ಯಾ?

ಫಾರ್ಮ್ಯಾಟ್ ಮಾಡ್ಸೋಕೆ ಮಾತ್ರ ಹೋಗ್ಬೇಡಿ, ಒಂದ್ ದಿನ ತಡ್ಕೊಳ್ಳಿ. ನೀಲಿ ಸ್ಕ್ರೀನಲ್ಲಿ ಕೊನೇಲಿ 7ಬಿ ಅಂತ ಬರ್ತಿದೆ, ರಿಪೇರಿಯವ್ರು ಡಿಸ್ಕ್ ಸತ್ತಿದೆ ಅಂದ್ರು ಅಂತೆಲ್ಲ ಬರ್ದು, ಕೊನೇಗೆ "ಅಂದಹಾಗೆ ಒಂದು ವಾರದಿಂದ ಟೈಮ್ 2010ಕ್ಕೆ ಹೋಗಿ ಕೂತ್ಕೋತಿತ್ತು" ಅಂತ ಸೇರ್ಸಿದೀರಲ್ಲ, ನನ್ನ ಕಣ್ಣಿಗೆ ಮೊದ್ಲು ಬಿದ್ದಿದ್ದೇ ಅದು.

ನಮ್ಮ ಭಾವಂದು ಡಿಟಿಪಿ ಅಂಗಡಿ ಇದೆ. ಕನ್ನಡ ಟೈಪ್ ಮಾಡೋ ನುಡಿ, ಪುಟ ಜೋಡ್ಸೋ ಪೇಜ್‌ಮೇಕರ್ ಎಲ್ಲ ಸರಿಯಾಗಿ ಓಡುತ್ತೆ ಅನ್ನೋ ಒಂದೇ ಕಾರಣಕ್ಕೆ ಹಳೇ ವಿಂಡೋಸ್ 7 ಮೆಷಿನ್ನನ್ನೇ ಇಟ್ಕೊಂಡಿದಾರೆ, ವರ್ಷಗಟ್ಟಲೆ ಮಾಡಿದ ಲಗ್ನಪತ್ರಿಕೆಗಳೆಲ್ಲ ಅದ್ರಲ್ಲೇ, ಬ್ಯಾಕಪ್ ಇಲ್ಲ ಅಂತ ಬೇರೆ ಹೇಳ್ಬೇಕಾ. ಮದ್ವೆ ಸೀಸನ್ನಲ್ಲೇ ಒಂದಿನ ಬೆಳಿಗ್ಗೆ ಇದೇ ನೀಲಿ ಸ್ಕ್ರೀನ್ ಬಂತು. ಅವ್ರಿಗೂ ಡಿಸ್ಕ್ ಹೋಗಿದೆ, ಡೇಟಾ ರಿಕವರಿ ಮಾಡ್ಸ್ಬೇಕು ಅಂತ ಯಾರೋ ಹೆದರ್ಸಿದ್ರು. ನಾನು ಹೋಗಿ ಬಯೋಸ್ (ವಿಂಡೋಸ್‌ಗಿಂತ ಮುಂಚೆ ಓಡೋ, ಮದರ್‌ಬೋರ್ಡಲ್ಲೇ ಇರೋ ಪ್ರೋಗ್ರಾಂ) ತೆರೆದು ನೋಡಿದ್ರೆ ಡಿಸ್ಕಿನ ಹೆಸ್ರು, ಮಾಡೆಲ್ ನಂಬರ್ ಎಲ್ಲ ನೀಟಾಗಿ ಕಾಣ್ತಿದೆ, ಡೇಟ್ ಮಾತ್ರ ಯಾವ್ದೋ ಕಾಲದ್ದು. ಸತ್ತಿದ್ದು ಡಿಸ್ಕಲ್ಲ, ಮದರ್‌ಬೋರ್ಡ್ ಮೇಲಿರೋ ಬಿಲ್ಲೆ ಬ್ಯಾಟರಿ. ದಿನಾ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗೋ ಅಂಗಡೀಲಿ ಅದು ಬೇಗ ಖಾಲಿ ಆಗುತ್ತೆ, ಯಾಕಂದ್ರೆ ಪ್ಲಗ್ಗಲ್ಲಿ ಕರೆಂಟ್ ಇದ್ರೆ ಗಡಿಯಾರ ಆ ಕರೆಂಟಲ್ಲೇ ಓಡುತ್ತೆ, ಇಲ್ಲಾಂದ್ರೆ ಪೂರ್ತಿ ಭಾರ ಬ್ಯಾಟರಿ ಮೇಲೆ.

ಬ್ಯಾಟರಿಗೂ ನೀಲಿ ಸ್ಕ್ರೀನ್‌ಗೂ ಏನ್ ಸಂಬಂಧ ಅಂದ್ರೆ, ಆ ಕಾಲದ ಎಷ್ಟೋ ಬೋರ್ಡ್‌ಗಳಲ್ಲಿ ಸಾಟಾ ಕಂಟ್ರೋಲರ್‌ಗೆ, ಅಂದ್ರೆ ಡಿಸ್ಕ್ ಜೊತೆ ಮಾತಾಡೋ ಚಿಪ್ಪಿಗೆ, ಐಡಿಇ (ಹಳೇ ರೀತಿ), ಎಎಚ್‌ಸಿಐ (ಹೊಸ ರೀತಿ) ಅಂತ ಎರಡು ಮೋಡ್ ಇರುತ್ತೆ. ವಿಂಡೋಸ್ 7 ತಾನು ಇನ್‌ಸ್ಟಾಲ್ ಆದಾಗ ಯಾವ ಮೋಡ್ ಇತ್ತೋ ಆ ಮೋಡಿನ ಡ್ರೈವರನ್ನ (ಡಿಸ್ಕ್ ಓದೋಕೆ ವಿಂಡೋಸ್ ಬಳಸೋ ಪ್ರೋಗ್ರಾಂ) ಮಾತ್ರ ಬೂಟ್ ಟೈಮಲ್ಲಿ ಎಬ್ಬಿಸುತ್ತೆ, ಇನ್ನೊಂದು ಮಲಗಿರುತ್ತೆ. ಬ್ಯಾಟರಿ ಹೋದಾಗ ಬಯೋಸ್ ಸೆಟ್ಟಿಂಗ್ ಎಲ್ಲ ಅಳಿಸಿ ಫ್ಯಾಕ್ಟರಿ ಡಿಫಾಲ್ಟಿಗೆ ಬರುತ್ತೆ, ಹಳೇ ಬೋರ್ಡಲ್ಲಿ ಅದು ತುಂಬಾ ಸಲ ಐಡಿಇನೇ. ನಿಮ್ಮ ವಿಂಡೋಸ್ ಎಎಚ್‌ಸಿಐ ಡ್ರೈವರ್ ಇಟ್ಕೊಂಡು ಕೂತಿದ್ರೆ ಮುಗೀತು ಕಥೆ. ಡಿಸ್ಕ್ ಹೋಗಿದ್ರೆ ಲೋಗೋ ಹೇಗೆ ಬರುತ್ತೆ ಅಂತ ಕೇಳಿದೀರಲ್ಲ, ಒಳ್ಳೇ ಪ್ರಶ್ನೆ ಅದು. ಅಲ್ಲೀವರ್ಗೂ ಡಿಸ್ಕ್ ಓದೋದು ಬಯೋಸ್ ಸಹಾಯದಿಂದ, ಆಮೇಲೆ ವಿಂಡೋಸ್ ತನ್ನ ಸ್ವಂತ ಡ್ರೈವರಿಂದ ಓದೋಕೆ ಹೋಗುತ್ತೆ, ಆಗ ಬೂಟ್ ಡಿಸ್ಕೇ ಸಿಗಲ್ಲ. 7ಬಿ ಎರರಿನ ಅರ್ಥ ಇಷ್ಟೇ, ಬೂಟ್ ಆಗೋ ಡಿಸ್ಕನ್ನ ಮುಟ್ಟೋಕೆ ಆಗ್ಲಿಲ್ಲ ಅಂತ.

ಈಗ ಮಾಡ್ಬೇಕಾಗಿದ್ದು: ಆನ್ ಮಾಡ್ತಿದ್ದಂಗೆ ಡಿಲೀಟ್ ಇಲ್ಲಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ, ಸಾಟಾ ಮೋಡ್ ಅಂತನೋ ಸಾಟಾ ಕಾನ್ಫಿಗರೇಶನ್ ಅಂತನೋ ಎಲ್ಲೋ ಇರುತ್ತೆ (ಕೆಲವು ಬೋರ್ಡಲ್ಲಿ ಇಂಟಿಗ್ರೇಟೆಡ್ ಪೆರಿಫೆರಲ್ಸ್ ಒಳಗೆ). ಈಗ ಐಡಿಇ ಇದ್ರೆ ಎಎಚ್‌ಸಿಐ ಮಾಡಿ, ಎಎಚ್‌ಸಿಐ ಇದ್ರೆ ಐಡಿಇ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಎರಡು ಡಿಸ್ಕ್ ಸೇರ್ಸಿ ರೇಡ್ ಮಾಡ್ಕೊಂಡಿರೋರು ಮಾತ್ರ ಹೀಗೆ ಆಟ ಆಡ್ಬಾರ್ದು. ಬೂಟ್ ಆಯ್ತಾ, ಬೇರೆ ಏನೂ ಮುಟ್ಟೋಕೆ ಮುಂಚೆ ಫೈಲ್‌ಗಳನ್ನ ಇನ್ನೊಂದ್ ಡಿಸ್ಕಿಗೆ ಕಾಪಿ ಹೊಡೀರಿ. ಆಮೇಲೆ ಪ್ಲಗ್ ಕಿತ್ತು ಬ್ಯಾಟರಿ ಬದಲಾಯ್ಸಿ, ಸಿಆರ್2032 ಅಂತ ಕೇಳಿ, ವಾಚ್ ಅಂಗಡೀಲೂ ಸಿಗುತ್ತೆ. ಹೊಸದು ಹಾಕಿದ್ಮೇಲೆ ಮೋಡ್ ಮತ್ತೆ ಡಿಫಾಲ್ಟಿಗೆ ಹೋಗಿರ್ಬೋದು, ಇನ್ನೊಂದ್ ಸಲ ಸೆಟ್ ಮಾಡಿ. ನಮ್ಮ ಭಾವ ಅದನ್ನ ಮರೆತು ಬೆಳಿಗ್ಗೆ ಆರಕ್ಕೆ ನಂಗೆ ಫೋನ್ ಮಾಡಿದ್ರು.

ಎರಡೂ ಮೋಡಲ್ಲಿ 7ಬಿನೇ ಬಂದ್ರೆ ಒಂದು ಲಿನಕ್ಸ್ ಲೈವ್ ಪೆನ್‌ಡ್ರೈವ್ (ವಿಂಡೋಸ್ ಬದ್ಲು ಪೆನ್‌ಡ್ರೈವಿಂದಲೇ ಓಡೋ ಲಿನಕ್ಸ್) ಹಾಕಿ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡ್ದೆ ಸುಮ್ನೆ ಟ್ರೈ ಅಂತ ಕೊಡಿ. ಅಲ್ಲಿ ಫೋಲ್ಡರ್‌ಗಳು ತೆರ್ಕೊಂಡ್ರೆ ಡಿಸ್ಕ್ ಜೀವಂತ ಇದೆ ಅಂತ. ಸ್ಮಾರ್ಟ್ ರೀಡಿಂಗ್‌ನೂ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಕೊಳ್ಳೋ ಲೆಕ್ಕ) ನೋಡಿ, ಅದ್ರಲ್ಲಿ ಸಿ5 ಅನ್ನೋ ಸಾಲಿನ ಮುಂದೆ ಸೊನ್ನೆ ಬಿಟ್ಟು ಬೇರೆ ಇದ್ರೆ ಡಿಸ್ಕಲ್ಲಿ ಓದೋಕಾಗ್ದಿರೋ ಸೆಕ್ಟರ್ ಇದೆ, ಸಿ7 ಒಂದೇ ಏರ್ತಾ ಇದ್ರೆ ಹೆಚ್ಚಾಗಿ ಕೇಬಲ್ ತೊಂದ್ರೆ, ಡಿಸ್ಕಿನದ್ದಲ್ಲ. ಬಯೋಸಲ್ಲೇ ಡಿಸ್ಕ್ ಕಾಣ್ತಿಲ್ಲ ಅಂದ್ರೂ ಮೊದ್ಲು ಕೇಬಲ್ ಬದಲಾಯ್ಸಿ.

ಐಡಿಇಲಿ ಇದ್ದಿದ್ದನ್ನ ಎಎಚ್‌ಸಿಐಗೆ ತರ್ಲೇಬೇಕು ಅಂತಿದ್ರೆ, ಹಳೇ ಮೋಡಲ್ಲೇ ಬೂಟ್ ಮಾಡಿ ರಿಜಿಸ್ಟ್ರಿಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಕೊಳ್ಳೋ ಜಾಗ) ಸರ್ವಿಸಸ್ ಕೆಳಗಿರೋ ಎಂಎಸ್‌ಎಎಚ್‌ಸಿಐಗೆ ಹೋಗಿ ಸ್ಟಾರ್ಟ್ ವ್ಯಾಲ್ಯೂ 3 ಇರೋದನ್ನ 0 ಮಾಡಿ, ಆಮೇಲೆ ಬಯೋಸಲ್ಲಿ ಬದಲಾಯ್ಸಿ. ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ಹೊಸ ಥರದ ಡಿಸ್ಕ್) ಹಾಕೋ ಪ್ಲಾನ್ ಇಲ್ಲಾಂದ್ರೆ ಈ ಸಾಹಸ ಬೇಡ ಅನ್ನೋದು ನನ್ನ ಅಭಿಪ್ರಾಯ, ಹಳೇ ತಿರುಗೋ ಡಿಸ್ಕಲ್ಲಿ ಅಂಥಾ ಫರಕೇನೂ ಗೊತ್ತಾಗಲ್ಲ.

ಹಳೇ ವಿಂಡೋಸ್ ಎಕ್ಸ್‌ಪಿ ಹಾಕ್ಲಾ ಅಂತಾನೂ ಕೇಳಿದೀರ, ಬೇಡ. ಎಕ್ಸ್‌ಪಿ ಬಂದಿದ್ದು 2001ರಲ್ಲಿ, ಅದ್ರಲ್ಲಿ ಎಎಚ್‌ಸಿಐ ಡ್ರೈವರೇ ಇಲ್ಲ, ಸೆಟಪ್ಪಲ್ಲಿ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡ್ಬೇಕಿತ್ತು. ಈಗ ಫ್ಲಾಪಿ ಎಲ್ಲಿಂದ ತರ್ತೀರ! ಎಎಚ್‌ಸಿಐ ಮೋಡಲ್ಲೇ ಅದನ್ನ ಹಾಕೋಕೆ ಹೋದ್ರೆ ಇದೇ 7ಬಿ ಮತ್ತೆ ಬರುತ್ತೆ.