‘ವಿಪ್ ಇಟ್’ ಸಿನಿಮಾದ ರೋಲರ್ ಡರ್ಬಿಯಲ್ಲಿ ಚೆಂಡೇ ಇಲ್ಲ, ಮತ್ತೆ ಪಾಯಿಂಟ್ ಹೇಗೆ ಬರುತ್ತೆ?

ಎದುರಾಳಿಗಳನ್ನು ದಾಟಿ ಮುಂದೆ ಹೋದರೆ ಪಾಯಿಂಟ್, ಅಷ್ಟೇ. ಒಂದೊಂದು ತಂಡದಿಂದ ಐವರು ಸ್ಕೇಟ್ ಕಟ್ಟಿಕೊಂಡು ಟ್ರ್ಯಾಕಿಗೆ ಇಳಿಯುತ್ತಾರೆ. ಹೆಲ್ಮೆಟ್ ಮೇಲೆ ನಕ್ಷತ್ರ ಇರುವವಳು ಜ್ಯಾಮರ್. ಪಾಯಿಂಟ್ ತರುವುದು ಅವಳೊಬ್ಬಳೇ. ಉಳಿದ ನಾಲ್ವರು ಬ್ಲಾಕರ್‌ಗಳು. ಎರಡೂ ತಂಡದ ಬ್ಲಾಕರ್‌ಗಳು ಗುಂಪಾಗಿ ಸಾಗುತ್ತಾ, ಎದುರಾಳಿ ಜ್ಯಾಮರ್‌ಗೆ ಅಡ್ಡ ಬಂದು ಭುಜ, ಸೊಂಟ ಕೊಟ್ಟು ತಳ್ಳುತ್ತಾರೆ. ಅವಳು ಮೊದಲ ಸಲ ಗುಂಪನ್ನು ಸೀಳಿಕೊಂಡು ಹೋದದ್ದಕ್ಕೆ ಏನೂ ಸಿಗಲ್ಲ. ಒಂದು ಸುತ್ತು ಬಂದು ಮತ್ತೆ ನುಗ್ಗಿದಾಗ, ದಾಟಿದ ಪ್ರತಿ ಎದುರಾಳಿಗೂ ಒಂದೊಂದು ಪಾಯಿಂಟ್. ಕಬಡ್ಡಿ ರೈಡರ್ ನೆನಪಾಗುತ್ತಾಳೆ, ಅಲ್ವಾ?

2009ರ ಈ ಸಿನಿಮಾದಲ್ಲಿ ಟೆಕ್ಸಾಸ್‌ನ ಸಣ್ಣ ಊರಿನ ಹುಡುಗಿ ಬ್ಲಿಸ್ ಮಿಂಚುವುದೂ ಜ್ಯಾಮರ್ ಆಗಿಯೇ. ಮೈಕಟ್ಟು ಚಿಕ್ಕದು, ಆದರೆ ವೇಗ ಜಾಸ್ತಿ. ಸಾಲದ್ದಕ್ಕೆ, ಜೊತೆಗಾರ್ತಿ ಕೈ ಹಿಡಿದು ಬೀಸಿ ಅವಳನ್ನು ಮುಂದಕ್ಕೆ ಚಿಮ್ಮಿಸುತ್ತಾಳೆ.