ಭವಿಷ್ಯದ ಕಾದಂಬರಿ ಬರೆಯುವ ಮೊದಲು ಕೃತಕ ಬುದ್ಧಿಮತ್ತೆಯನ್ನು ಎಷ್ಟು ಕಲಿತಿರಬೇಕು?

ಹತ್ತು ವರ್ಷಗಳ ಹಿಂದೆ ನಾನೂ ಇದೇ ಚಿಂತೆಯಲ್ಲಿದ್ದೆ. ಮಲ್ಪೆಯಿಂದ ಆಳಿಲ್ಲದೆ ಕಡಲಿಗಿಳಿದು, ತಾವೇ ಮೀನು ಹುಡುಕಿ ಮರಳುವ ಬೋಟುಗಳ ಬಗ್ಗೆ ಕಾದಂಬರಿ ಬರೆಯಹೊರಟಿದ್ದ ನಾನು, ಸಮುದ್ರದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗುವ ಶಬ್ದ ಮೀನಿನ ಗುಂಪಿಗೆ ಬಡಿದು ಹೇಗೆ ಹಿಂದಿರುಗುತ್ತದೆ ಎಂಬುದನ್ನು ಓದುವುದರಲ್ಲೇ ಎರಡು ವರ್ಷ ಕಳೆದೆ. ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ಮರಳಿಸಿದಾಗ ಕಾರಣ ನನಗೆ ಹೊಳೆಯಲಿಲ್ಲ.

ಕಾರಣ ತಿಳಿಸಿದವರು, ಜೀವಮಾನವಿಡೀ ಮೀನು ಮಾರಿದ ನನ್ನ ದೊಡ್ಡಮ್ಮ. ಅವರು ಬಂಗುಡೆ ಕೊಯ್ಯುತ್ತಿದ್ದಾಗ ಮೊದಲ ಅಧ್ಯಾಯವನ್ನು ಓದಿ ಹೇಳಿದೆ. ಬೋಟು ತುಂಬಿ ಬಂದ ಕಡೆ ಕತ್ತಿ ನಿಲ್ಲಿಸಿ, "ಅಷ್ಟು ಮೀನು ಬಂತಲ್ಲ ಮಗಾ, ಪಾಲು ಯಾರಿಗೆ?" ಎಂದು ಕೇಳಿದರು. ನನ್ನ ಪುಸ್ತಕದಲ್ಲೆಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ನನ್ನ ತಪ್ಪನ್ನು ಬಿಡಿಸಿಯೇ ಹೇಳುತ್ತೇನೆ. ಯಂತ್ರವನ್ನು ಸರಿಯಾಗಿ ಕಟ್ಟಿದರೆ ಸಮಾಜ ಅದರ ಹಿಂದೆ ತಾನಾಗಿ ಬರುತ್ತದೆಂದು ನಾನು ನಂಬಿದ್ದೆ. ರಂಪಣಿ ಬಲೆಯ ಕಾಲವನ್ನು ನೆನೆಯಿರಿ: ದೋಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ದಡಕ್ಕೆ ಬರುತ್ತಿತ್ತು, ಹತ್ತಾರು ಜನ ಎರಡೂ ತುದಿಗಳನ್ನು ಎಳೆಯುತ್ತಿದ್ದರು, ಎಳೆದವರಿಗೆಲ್ಲ ಪಾಲಿತ್ತು, ಹೆಂಗಸರು ಮರಳಿನ ಮೇಲಿಂದಲೇ ಬುಟ್ಟಿ ತುಂಬಿಸಿಕೊಂಡು ಮಾರಲು ಹೊರಡುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದವು. ಬೂತಾಯಿ, ಬಂಗುಡೆಗಳ ಗುಂಪನ್ನು, ಮೀನು ದಡ ಸೇರುವ ಮೊದಲೇ ಸುತ್ತುವರಿದು, ಬಲೆಯ ಅಡಿಯನ್ನು ಚೀಲದ ಬಾಯಿಯಂತೆ ಹಗ್ಗದಿಂದ ಬಿಗಿಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಬಲೆಯ ಅಡಿಯ ಬಳೆಗಳೊಳಗೆ ಹಾಯುವ ಒಂದು ಹಗ್ಗ, ಅದನ್ನೆಳೆಯಲು ಒಂದು ಯಂತ್ರ. ಇಷ್ಟರಿಂದಲೇ ಪಾಲುದಾರರಾಗಿದ್ದವರಲ್ಲಿ ಹಲವರು ಕೂಲಿಯವರಾದರು, ಹೆಂಗಸರು ದಕ್ಕೆಯ, ಅಂದರೆ ಬೋಟು ನಿಲ್ಲುವ ಕಟ್ಟೆಯ, ಏಲಂನಲ್ಲಿ ದುಡ್ಡು ಕೊಟ್ಟು ಮೀನು ಕೊಳ್ಳಬೇಕಾಯಿತು. ನಾನು ಕಲ್ಪಿಸಲು ಹೊರಟಿದ್ದ ಭವಿಷ್ಯವನ್ನು ದೊಡ್ಡಮ್ಮ ಆಗಲೇ ಬದುಕಿ ಮುಗಿಸಿದ್ದರು, ಮತ್ತು ಅದೇ ಮನೆಯಲ್ಲಿ ಕುಳಿತು ನಾನು ಶಬ್ದದ ಅಲೆಗಳನ್ನು ಓದುತ್ತಿದ್ದೆ! ಆ ಎರಡು ವರ್ಷಗಳ ಬಗ್ಗೆ ಇಂದಿಗೂ ನೋವಿದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 'ರೋಬೋಟ್' ಎಂಬ ಪದವನ್ನು ಜಗತ್ತಿಗೆ ಕೊಟ್ಟ ಕಾರೆಲ್ ಚಾಪೆಕ್ ಅವರ 1920ರ ನಾಟಕದಲ್ಲಿ ಆ ಪದ ಹುಟ್ಟಿದ್ದು, ಬಿಟ್ಟಿ ಚಾಕರಿ ಎಂಬ ಅರ್ಥದ ಚೆಕ್ ಮಾತಿನಿಂದ. ಯಂತ್ರದ ಕಥೆ ದುಡಿಯುವವರ ಕಥೆಯೇ. ಯಂತ್ರದ ವಿವರದಲ್ಲಿ ತಪ್ಪಾದರೆ ಎಂಜಿನಿಯರ್ ಗೆಳೆಯರೊಬ್ಬರು ಒಂದು ಮಧ್ಯಾಹ್ನದಲ್ಲಿ ತಿದ್ದಿಕೊಡುತ್ತಾರೆ. ನೀವು ಬೆಳಗಿನ ಜಾವ ಮಲ್ಪೆ ಬಂದರಿಗೆ ಹೋಗಿ, ಮಂಜುಗಡ್ಡೆ ಪುಡಿಮಾಡುವವರು, ಬಲೆ ಹೆಣೆಯುವವರು, ಏಲಂ ಕೂಗುವವರು, ಬುಟ್ಟಿ ಹೊರುವವರು ಯಾರು ಯಾರೆಂದು ನೋಡಿ. ನಿಮ್ಮ ಯಂತ್ರ ಅವರಲ್ಲಿ ಯಾರನ್ನು ಮನೆಗೆ ಕಳುಹಿಸುತ್ತದೆಯೋ, ಆ ವ್ಯಕ್ತಿಯ ಮರುದಿನದ ಬೆಳಗನ್ನು ಮೊದಲು ಬರೆಯಿರಿ. ಬರೆದದ್ದನ್ನು ಪ್ರಕಾಶಕರಿಗಿಂತ ಮೊದಲು ಅವರಿಗೇ ಓದಿ ಹೇಳಿ.