ಪೂಲ್ ಖಾಲಿ ಮಾಡ್ಬೇಡಿ, ಪೈಪ್ ಖಾಲಿ ಮಾಡಿ

"ಚಳಿಗಾಲ ಪೂರ್ತಿ ಯಾರೂ ಇಳಿಯಲ್ಲ, ನೀರೆಲ್ಲ ಹೊರಗೆ ಹಾಕಿ ಒಣಗಿಸಿ ಕವರ್ ಹೊದಿಸಿಬಿಡ್ತೀನಿ, ಬೇಸಿಗೆಗೆ ಹೊಸ ನೀರು ತುಂಬಿಸಿದ್ರಾಯ್ತು" ಅಂತ ನಿಮ್ಮ ಸ್ವಿಮ್ಮಿಂಗ್ ಪೂಲ್ ಬಗ್ಗೆ ಪೋಸ್ಟ್ ಬರ್ದಿದೀರಲ್ಲ, ಅದಕ್ಕೆ ಕೆಳಗೆ ಬೇರೆ ಒಂದಷ್ಟು ಜನ ಸೂಪರ್ ಐಡಿಯಾ ಅಂದಿದಾರೆ. ಮಾಡ್ಬೇಡಿ ಸ್ವಾಮಿ. ನಮ್ಮನೇಲೂ ಹೀಗೇ ಮಾಡಿ ಲೈನರ್ (ಪೂಲ್ ಒಳಗೆ ಹೊದಿಸೋ ಪ್ಲಾಸ್ಟಿಕ್ ಹಾಳೆ) ಕಳ್ಕೊಂಡ್ವಿ. ಖಾಲಿ ಬಿಟ್ಟ ವಿನೈಲ್ ಲೈನರ್ ಚಳಿಗೆ ಗಡುಸಾಗಿ ಕುಗ್ಗುತ್ತೆ, ಮತ್ತೆ ನೀರು ತುಂಬಿಸುವಾಗ ಮೊದಲಿನ ಹಾಗೆ ಹಿಗ್ಗಲ್ಲ, ಮೂಲೆಲೆಲ್ಲ ಟ್ರ್ಯಾಕ್‌ನಿಂದ ಕಿತ್ಕೊಂಡು ಬಂತು, ಮೆಟ್ಟಿಲ ಹತ್ರ ಹರೀತು, ಪ್ಯಾಚ್ ನಿಲ್ಲಲಿಲ್ಲ, ಕೊನೆಗೆ ಪೂರ್ತಿ ಹೊಸದೇ ಹಾಕಿಸ್ಬೇಕಾಯ್ತು.

ನಿಮ್ದು ಲೈನರ್ ಅಲ್ಲ ಅಂದ್ರೆ ಇನ್ನೂ ಹೆದರ್ಕೊಳಿ. 8 ಮೀಟರ್‌ಗೆ 4 ಮೀಟರ್, ಒಂದೂವರೆ ಮೀಟರ್ ಆಳ ಅಂದ್ಕೊಂಡ್ರೆ 48,000 ಲೀಟರ್, ಅಂದ್ರೆ 48 ಟನ್ ಭಾರ ಆ ತೊಟ್ಟೀನ ನೆಲಕ್ಕೆ ಒತ್ತಿ ಹಿಡ್ದಿದೆ. ಅದನ್ನ ತೆಗೆದ್ರಿ, ಕೆಳಗೆ ಅಂತರ್ಜಲ ಮೇಲೆ ಇದ್ರೆ ಫೈಬರ್ ಶೆಲ್ ದೋಣಿ ಥರ ಎದ್ದು ಕೂರುತ್ತೆ, ಇಲ್ಲಾ ತಳ ಉಬ್ಬುತ್ತೆ. ಕಾಂಕ್ರೀಟ್ ಭಾರ ಇರುತ್ತೆ ನಿಜ, ಆದ್ರೆ ಮಳೆ ಆದ್ಮೇಲೆ ಅದೂ ಬಿರುಕು ಬಿಟ್ಟಿದೆ, ಮೇಲೆದ್ದಿದ್ದೂ ಇದೆ, ಒಳಗಿನ ಪ್ಲಾಸ್ಟರ್ ಅಂತೂ ಒಣಗಿ ಸೀಳು ಬಿಡುತ್ತೆ. ತಳದಲ್ಲಿ ಅಂತರ್ಜಲದ ಒತ್ತಡ ಬಿಡೋಕೆ ಹೈಡ್ರೋಸ್ಟ್ಯಾಟಿಕ್ ವಾಲ್ವ್ ಇದೆಯಲ್ಲ ಅಂತ ಯಾರೋ ವಾದ ಮಾಡಿದಾರೆ, ಕಸ ಕಟ್ಕೊಂಡು ಅಂಟಿರೋ ವಾಲ್ವ್ ನಂಬ್ಕೊಂಡು 48 ಟನ್ ತೆಗೀತೀರಾ?

ಚಳಿಗೆ ಒಡೆಯೋದು ಪೂಲ್ ಅಲ್ಲ, ಪೈಪು. ನೀರು ಹೆಪ್ಪುಗಟ್ಟಿದ್ರೆ ಸುಮಾರು 9% ಹಿಗ್ಗುತ್ತೆ, ಅದಕ್ಕೆ ಪೈಪು, ಪಂಪು, ಫಿಲ್ಟರ್, ಹೀಟರ್ ಇವುಗಳ ನೀರು ಮಾತ್ರ ತೆಗೀಬೇಕು, ಅದೂ ನಿಮ್ಮಲ್ಲಿ ಹೆಪ್ಪುಗಟ್ಟೋ ಚಳಿ ಬಿದ್ರೆ ಮಾತ್ರ. ಪೂಲ್‌ನಲ್ಲಿ ನೀರನ್ನ ಸ್ಕಿಮ್ಮರ್ (ಗೋಡೆ ಮೇಲ್ಭಾಗದಲ್ಲಿ ತೇಲೋ ಕಸ ಎಳ್ಕೊಳೋ ಕಿಂಡಿ) ಬಾಯಿಗಿಂತ ಒಂದು ಗೇಣು ಕೆಳಗೆ ಇಳಿಸಿ, ಸಾಕು. ಆಮೇಲೆ ಊದೋದು, ಅಂದ್ರೆ ಪೈಪ್‌ನಲ್ಲಿರೋ ನೀರನ್ನ ಗಾಳಿಯಿಂದ ಹೊರಗೆ ತಳ್ಳೋದು. ಎಲ್ಲರೂ ಕಂಪ್ರೆಸರ್ ಅಂತಾರೆ, ನನಗೆ ವೆಟ್-ಡ್ರೈ ವ್ಯಾಕ್ಯೂಮ್‌ನ ಗಾಳಿ ಬಿಡೋ ಬಾಯೇ ಇಷ್ಟ, ಇಲ್ಲಿ ಬೇಕಾಗಿರೋದು ಒತ್ತಡ ಅಲ್ಲ, ಜಾಸ್ತಿ ಗಾಳಿ. ಕಂಪ್ರೆಸರೇ ಇರೋದು ಅಂದ್ರೆ ಒತ್ತಡ 20 ಪಿಎಸ್‌ಐ ದಾಟಿಸ್ಬೇಡಿ, ಜಾಯಿಂಟ್ ಬಿಟ್ಕೊಳುತ್ತೆ. ನೀರು ಪೂಲ್‌ಗೆ ವಾಪಸ್ ಬರೋ ರಿಟರ್ನ್ ಜೆಟ್‌ನಲ್ಲಿ ಮೊದಲು ಗುಳುಗುಳು ಅನ್ನುತ್ತೆ, ಅಲ್ಲಿಗೆ ನಿಲ್ಲಿಸೋರೇ ಜಾಸ್ತಿ, ನಿಲ್ಲಿಸ್ಬೇಡಿ, ಬರೀ ಗಾಳಿ ಜೊತೆ ತುಂತುರು ಬರೋವರೆಗೂ ಬಿಡಿ, ಊದ್ತಾ ಇರೋವಾಗ್ಲೇ ಪ್ಲಗ್ ತಿರುಗಿಸಿ, ಹತ್ತಿರದ ಜೆಟ್ ಮೊದಲು, ದೂರದ್ದು ಕೊನೆಗೆ. ತಳದ ಮೇನ್ ಡ್ರೈನ್‌ಗೆ ಪ್ಲಗ್ ಹಾಕೋಕೆ ಮುಳುಗಬೇಕಿಲ್ಲ, ತಳದಿಂದ ಗುಳ್ಳೆ ಜೋರಾಗಿ ಎದ್ದಾಗ ಮೇಲೆ ಆ ಲೈನ್‌ನ ವಾಲ್ವ್ ಮುಚ್ಚಿಬಿಡಿ, ಒಳಗಿನ ಗಾಳಿ ನೀರನ್ನ ತಡೆದು ನಿಲ್ಲಿಸುತ್ತೆ. ಸ್ಕಿಮ್ಮರ್‌ಗೆ ಗಿಜ್ಮೊ ಹಾಕಿ, ಅಂದ್ರೆ ನೀರು ಹೆಪ್ಪುಗಟ್ಟಿದಾಗ ತಾನು ಕುಗ್ಗಿ ಸ್ಕಿಮ್ಮರ್ ಉಳಿಸೋ ಪ್ಲಾಸ್ಟಿಕ್ ಪ್ಲಗ್. ಸಂಶಯ ಇರೋ ಲೈನ್‌ಗೆ ಪ್ರೊಪಿಲೀನ್ ಗ್ಲೈಕಾಲ್ ಇರೋ ಪೂಲ್ ಆ್ಯಂಟಿಫ್ರೀಜ್ ಹಾಕಬಹುದು, ಕಾರಿಗೆ ಹಾಕೋದನ್ನ ಯಾವತ್ತೂ ಹಾಕ್ಬೇಡಿ, ಅದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ.

ಸ್ಯಾಂಡ್ ಫಿಲ್ಟರ್ ಆದ್ರೆ ಊದೋ ಮುಂಚೆನೇ ನೀರು ಉಲ್ಟಾ ಹರಿಸಿ ಬ್ಯಾಕ್‌ವಾಶ್, ಆಮೇಲೆ ಡ್ರೈನ್ ಪ್ಲಗ್ ಬಿಚ್ಚಿ, ಮಲ್ಟಿಪೋರ್ಟ್ (ಫಿಲ್ಟರ್‌ನಲ್ಲಿ ನೀರಿನ ದಾರಿ ಬದಲಿಸೋ ವಾಲ್ವ್) ಹ್ಯಾಂಡಲ್ ಎರಡು ಪೊಸಿಷನ್ ಮಧ್ಯೆ ಬಿಡಿ, ಗ್ಯಾಸ್ಕೆಟ್ ಉಳಿಯುತ್ತೆ. ಪಂಪ್‌ಗೆ ಸಾಮಾನ್ಯವಾಗಿ ಎರಡು ಡ್ರೈನ್ ಪ್ಲಗ್ ಇರುತ್ತೆ, ಜನ ಒಂದೇ ಬಿಚ್ತಾರೆ. ಬಿಚ್ಚಿದ ಪ್ಲಗ್ ಎಲ್ಲ ಪಂಪ್ ಬಾಸ್ಕೆಟ್ ಒಳಗೇ ಹಾಕಿಡಿ, ಬೇಸಿಗೇಲಿ ಹುಡುಕಾಟ ತಪ್ಪುತ್ತೆ. ಓ ರಿಂಗ್‌ಗೆ ವ್ಯಾಸಲೀನ್ ಬೇಡ, ರಬ್ಬರ್ ಊದ್ಕೊಳುತ್ತೆ, ಸಿಲಿಕೋನ್ ಲೂಬ್ ಹಚ್ಚಿ.

ಹೆಪ್ಪುಗಟ್ಟೋ ಚಳಿ ಇಲ್ವಾ? ಹಾಗಾದ್ರೆ ಇದ್ಯಾವುದೂ ಬೇಡ, ನೀರೂ ಇಳಿಸ್ಬೇಡಿ, ದಿನಕ್ಕೆ ಮೂರ್ನಾಲ್ಕು ಗಂಟೆ ಪಂಪ್ ಓಡ್ಲಿ. ಯಾವಾಗಾದ್ರೂ ಒಂದೆರಡು ರಾತ್ರಿ ಸೊನ್ನೆ ಹತ್ರ ಇಳಿಯೋ ಜಾಗ ಆದ್ರೆ ಟೈಮರ್‌ನ ಬೆಳಗಿನ ಜಾವಕ್ಕಿಡಿ, ಹರಿಯೋ ನೀರು ಅಷ್ಟು ಸುಲಭಕ್ಕೆ ಹೆಪ್ಪುಗಟ್ಟಲ್ಲ. ಆದ್ರೆ ಕರೆಂಟ್ ಹೋದ್ರೆ ಈ ಲೆಕ್ಕ ಎಲ್ಲ ತಲೆಕೆಳಗು, ನೆನಪಿರಲಿ.

ಇನ್ನು ಕೆಮಿಕಲ್. ಇದು ಪೈಪ್ ಊದೋಕೆ ಒಂದು ವಾರ ಮುಂಚೆ ಶುರು ಮಾಡೋ ಕೆಲಸ, ಎಲ್ಲಾ ಒಂದೇ ಸಂಜೆ ಸುರಿದು ಕವರ್ ಎಳೆಯೋದಲ್ಲ. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯೋವರೆಗೂ ಮುಚ್ಚಲೇಬೇಡಿ, ಬೆಚ್ಚಗಿನ ನೀರು ಮುಚ್ಚಿದ್ರೆ ಬಿಚ್ಚುವಾಗ ಪಾಚಿ ಗ್ಯಾರಂಟಿ. ಎಲೆ ಕಸ ತೆಗೆದು, ಗೋಡೆ ಉಜ್ಜಿ, ಆಮೇಲೆ ಟೆಸ್ಟ್. ಸ್ಟ್ರಿಪ್ ನೋಡಿ ಬಣ್ಣ ಊಹೆ ಮಾಡೋರ ಜೊತೆ ನನಗೆ ಮಾತೇ ಬೇಡ, ಟೇಲರ್ ಕೆ-2006 ಅನ್ನೋ ನೀರಿನ ಟೆಸ್ಟ್ ಕಿಟ್ ತಗೊಳಿ, ಹನಿ ಎಣಿಸಿದ್ರೆ ನಂಬರ್ ಸಿಗುತ್ತೆ. ಪಿಎಚ್ 7.4ರಿಂದ 7.6, ಆಲ್ಕಲಿನಿಟಿ (ಪಿಎಚ್ ಏರಿಳಿಯದ ಹಾಗೆ ಹಿಡಿದಿಡೋ ಗುಣ) 80ರಿಂದ 120 ಪಿಪಿಎಂ (ಲೀಟರ್‌ಗೆ ಮಿಲಿಗ್ರಾಂ), ಪ್ಲಾಸ್ಟರ್ ಪೂಲ್‌ಗೆ ಕ್ಯಾಲ್ಶಿಯಂ 200ರಿಂದ 400. ಬೇಸಿಗೇಲಿ ಸರಿ ಇದ್ದ ನೀರೇ ತಣ್ಣಗಾದ್ರೆ ಸ್ಯಾಚುರೇಶನ್ ಇಂಡೆಕ್ಸ್ (ನೀರು ಕ್ಯಾಲ್ಶಿಯಂ ಕರಗಿಸುತ್ತಾ, ಗಟ್ಟಿ ಕಟ್ಟುತ್ತಾ ಅಂತ ಹೇಳೋ ಲೆಕ್ಕ) ಇಳಿದು ಪ್ಲಾಸ್ಟರ್‌ನಿಂದ ಕ್ಯಾಲ್ಶಿಯಂ ಕರಗಿಸೋಕೆ ಶುರು ಮಾಡುತ್ತೆ, ಅದಕ್ಕೆ ಕ್ಯಾಲ್ಶಿಯಂ ತೀರಾ ಕೆಳಗಿನ ಅಂಚಲ್ಲಿ ಬಿಡ್ಬೇಡಿ.

ಆಮೇಲೆ ಶಾಕ್, ಅಂದ್ರೆ ಒಂದೇ ಸಲ ಜಾಸ್ತಿ ಕ್ಲೋರಿನ್ ಹಾಕೋದು. 50,000 ಲೀಟರ್‌ಗೆ ಕ್ಲೋರಿನ್ 10 ಪಿಪಿಎಂ ಏರಿಸ್ಬೇಕು ಅಂದ್ರೆ 65% ಕ್ಯಾಲ್ ಹೈಪೋ (ಕ್ಯಾಲ್ಶಿಯಂ ಹೈಪೋಕ್ಲೋರೈಟ್ ಅನ್ನೋ ಕ್ಲೋರಿನ್ ಪುಡಿ) ಹತ್ತಿರ ಹತ್ತಿರ 770 ಗ್ರಾಂ. ಲೈನರ್ ಇದ್ರೆ ಪುಡಿ ನೇರ ಎರಚ್ಬೇಡಿ, ಬಕೆಟ್ ನೀರಲ್ಲಿ ಕರಗಿಸಿ, ನೀರಿಗೆ ಪುಡಿ ಹಾಕ್ಬೇಕು, ಪುಡಿ ಮೇಲೆ ನೀರು ಸುರಿಯೋದಲ್ಲ. ಪಂಪ್ ಓಡಿಸಿ, ಕ್ಲೋರಿನ್ 3ರ ಹತ್ರ ಇಳಿಯೋವರೆಗೂ ಕಾಯಿರಿ. ಈ ಕಾಯೋದನ್ನೇ ಎಲ್ಲರೂ ಬಿಡ್ತಾರೆ. ಜಾಸ್ತಿ ಕ್ಲೋರಿನ್‌ಗೆ ಆಲ್ಗಿಸೈಡ್ (ಪಾಚಿ ಕೊಲ್ಲೋ ಔಷಧಿ) ಹಾಕಿದ್ರೆ ಅದು ಒಡೆದು ದುಡ್ಡು ದಂಡ, ಮೇಲಾಗಿ ಆ ಕ್ಲೋರಿನ್‌ಗೆ ಕವರ್‌ನ ಬಣ್ಣವೂ ಮಾಸುತ್ತೆ. ಆಲ್ಗಿಸೈಡ್ ಪಾಲಿಕ್ವಾಟ್ 60 ತಗೊಳಿ. ತಾಮ್ರದ್ದು ಕಲೆ ಬಿಡುತ್ತೆ, ಅಗ್ಗದ ಕ್ವಾಟ್ ನೊರೆ ಏಳುತ್ತೆ.

ಪಂಪ್ ನಿಲ್ಲಿಸಿ ಸ್ಕಿಮ್ಮರ್‌ನಲ್ಲಿ ಕ್ಲೋರಿನ್ ಟ್ಯಾಬ್ಲೆಟ್ ಬಿಟ್ಟು ಹೋಗೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಆ ಟ್ಯಾಬ್ಲೆಟ್‌ನಲ್ಲಿರೋ ಟ್ರೈಕ್ಲೋರ್ ತುಂಬಾ ಆಸಿಡಿಕ್, ಆ ನಿಂತ ನೀರು ಮತ್ತೆ ಪಂಪ್ ಹಾಕಿದಾಗ ನೇರ ಹೀಟರ್‌ನ ತಾಮ್ರಕ್ಕೆ ಹೋಗುತ್ತೆ. ಸಾಲ್ಟ್ ಪೂಲ್‌ನವರು ತಣ್ಣೀರಲ್ಲಿ ಸೆಲ್ (ಉಪ್ಪಿಂದ ಕ್ಲೋರಿನ್ ತೆಗೆಯೋ ಸಾಧನ) ಕ್ಲೋರಿನ್ ಮಾಡ್ತಿಲ್ಲ ಅಂತ ಗಾಬರಿ ಆಗಿ ಉಪ್ಪು ಸುರೀಬೇಡಿ, ತಣ್ಣಗಾದ್ರೆ ತುಂಬಾ ಸೆಲ್‌ಗಳು ತಾವೇ ನಿಲ್ಲುತ್ವೆ, ಲಿಕ್ವಿಡ್ ಕ್ಲೋರಿನ್ ಕೈಯಲ್ಲಿ ಹಾಕಿ.

ಕವರ್ ಬಗ್ಗೆ ಒಂದೇ ಮಾತು, ಗುಳ್ಳೆ ಗುಳ್ಳೆ ಸೋಲಾರ್ ಶೀಟ್ ಚಳಿಗಾಲದ ಕವರ್ ಅಲ್ಲ, ಮೇಲೆ ಮಗು ಬಿದ್ರೆ ಅದೇ ಸುತ್ಕೊಳುತ್ತೆ. ಸಾಲಿಡ್ ಕವರ್ ಮೇಲೆ ಮಳೆ ನೀರು ನಿಂತ್ರೂ ಮಕ್ಕಳಿಗೆ ಅಪಾಯವೇ, ಕವರ್ ಪಂಪ್ ಇಟ್ಟು ತೆಗೀತಾ ಇರಿ. ಮೆಶ್ ಕವರ್‌ನವರಿಗೆ ಆ ಕಾಟ ಇಲ್ಲ, ಆದ್ರೆ ಮಳೆ ನೀರು ಸೇರಿ ಕೆಮಿಕಲ್ ತೆಳು ಆಗುತ್ತೆ, ಆಗಾಗ ಟೆಸ್ಟ್ ಮಾಡ್ಬೇಕು.

ಉಳಿದ ಕೆಮಿಕಲ್ ಒಣ ಜಾಗದಲ್ಲಿಡಿ. ಕ್ಯಾಲ್ ಹೈಪೋ ಒಂದು ಕಡೆ, ಟ್ರೈಕ್ಲೋರ್ ಟ್ಯಾಬ್ಲೆಟ್ ಇನ್ನೊಂದು ಕಡೆ, ಆಸಿಡ್ ಇವೆರಡರಿಂದಲೂ ದೂರ. ಒಂದರ ಸ್ಕೂಪ್ ಇನ್ನೊಂದಕ್ಕೆ ಹಾಕ್ಬೇಡಿ, ಸ್ಕೂಪ್‌ಗೆ ಅಂಟಿರೋ ಪುಡಿ ಒಂದಕ್ಕೊಂದು ಸೇರಿದ್ರೂ ಬೆಂಕಿ ಹತ್ತಬಹುದು.